ನೂರು ಪಿಎಸ್‌ಐ ಗಾಳಿಗೆ ಎಂಥ ಮೂತಿ?

ಭಾನುವಾರ ಬೆಳಿಗ್ಗೆ ನಂದಿಬೆಟ್ಟದ ಬುಡದಲ್ಲಿ ಬೆಂಗಳೂರಿನ ಸೈಕಲ್ ಸವಾರರು ಸಾಲುಗಟ್ಟಿರುತ್ತಾರೆ. ಅವರಲ್ಲಿ ಒಬ್ಬರಾದರೂ ರಸ್ತೆಯಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಗೇಣುದ್ದದ ಪಂಪಿನೊಂದಿಗೆ ಗುದ್ದಾಡುತ್ತಿರುತ್ತಾರೆ. ಕೆಲವು ವರ್ಷಗಳ ಹಿಂದೆ ಹಾಗೆ ಕುಳಿತಿದ್ದವನು ನಾನು. ಪಂಚರ್ ಆದ ಟ್ಯೂಬನ್ನು ತೆಗೆದು ಹೊಸದನ್ನು ಹಾಕಿದ್ದೆ. ಪಂಪೂ ಹೊಸದು, ಅದರ ಮೈಮೇಲೆ 120 ಪಿಎಸ್‌ಐ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಪಿಎಸ್‌ಐ ಎಂದರೆ ಗಾಳಿಯ ಒತ್ತಡದ ಅಳತೆ, ಒಂದು ಚದರ ಇಂಚಿಗೆ ಎಷ್ಟು ಪೌಂಡು ಎಂದು. ಪಂಪಿನ ತುದಿಯನ್ನು ನೇರವಾಗಿ ವಾಲ್ವಿಗೆ ಸಿಕ್ಕಿಸಿ ಒತ್ತತೊಡಗಿದೆ. ಮೊದಮೊದಲು ಸಲೀಸಾಗಿ ಹೋಗುತ್ತಿದ್ದ ಪಂಪು ಗಾಳಿ ತುಂಬಿದಂತೆ ಗಟ್ಟಿಯಾಯಿತು, ನಾನು ಮೈಭಾರ ಹಾಕಿದೆ, ಒತ್ತಿದಾಗಲೆಲ್ಲ ಕೈ ಅತ್ತಿತ್ತ ಅಲುಗಿತು. ಇನ್ನೇನು ಸಾಕು ಎನ್ನುವಷ್ಟರಲ್ಲಿ ವಾಲ್ವು ಟ್ಯೂಬಿಗೆ ಅಂಟಿಕೊಂಡಿರುವ ಬುಡದಲ್ಲೇ ಕಿತ್ತು ಬಂತು. ಆ ಜಾಗದಲ್ಲಿ ಹರಿದರೆ ಯಾವ ಪಂಚರ್ ಅಂಗಡಿಯವನೂ ಪ್ಯಾಚ್ ಹಾಕಲಾರ. ಭೋಗನಂದೀಶ್ವರನ ಗುಡಿಯವರೆಗೆ ಸೈಕಲ್ಲನ್ನು ತಳ್ಳಿಕೊಂಡು ಬಂದು, ಅಲ್ಲಿಂದ ಲಗೇಜು ಆಟೋದಲ್ಲಿ ಅದನ್ನು ಮಲಗಿಸಿಕೊಂಡು ಚಿಕ್ಕಬಳ್ಳಾಪುರಕ್ಕೆ ಬಂದೆ.

ಪಂಪು ಕೊಳ್ಳುವಾಗ ನಾವು ಅದರ ಉದ್ದ, ತೂಕ, ಬಣ್ಣ, ಮೀಟರು ಎಲ್ಲವನ್ನೂ ನೋಡುತ್ತೇವೆ. ವಾಲ್ವನ್ನು ಕಚ್ಚಿ ಹಿಡಿಯುವ ತುದಿಯನ್ನು, ಅಂದರೆ ಪಂಪಿನ ಮೂತಿಯನ್ನು, ನೋಡುವುದಿಲ್ಲ. ಆಳೆತ್ತರದ ಪಂಪಿನ ಪರಿಶ್ರಮವೆಲ್ಲ ಕೊನೆಗೆ ಹಾದುಹೋಗುವುದು ಕಡಲೆಕಾಯಿ ಗಾತ್ರದ ಒಂದು ರಬ್ಬರಿನೊಳಗಿಂದ. ಗಾಳಿ ಸೋರುವುದೂ, ವಾಲ್ವು ಬಾಗುವುದೂ, ಟ್ಯೂಬು ಹರಿಯುವುದೂ ಅಲ್ಲಿಯೇ.

ಮೊದಲು ವಾಲ್ವು ಯಾವುದು ನೋಡಿ

ನಮ್ಮೂರು ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಲ್ಲಿ ಸ್ವಲ್ಪ ಹೊತ್ತು ನಿಂತರೆ ಮೂರು ಬಗೆಯ ವಾಲ್ವುಗಳೂ ಕಣ್ಣೆದುರು ಹಾದುಹೋಗುತ್ತವೆ. ಹಾಲಿನ ಕ್ಯಾನು ನೇತುಹಾಕಿಕೊಂಡ ಕಪ್ಪು ಸೈಕಲ್ಲಿನಲ್ಲಿ, 2006-07ರಿಂದ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಹಂಚತೊಡಗಿದ ಸೈಕಲ್ಲುಗಳಲ್ಲಿ ಇರುವುದು ವುಡ್ಸ್ ವಾಲ್ವು. ಡನ್‌ಲಪ್ ವಾಲ್ವು ಎಂದೂ ಕರೆಯುತ್ತಾರೆ. ಇದರ ಹಳೆಯ ರೂಪದಲ್ಲಿ ಒಂದು ಲೋಹದ ಕಡ್ಡಿ, ಅದರ ಮೈಯಲ್ಲಿ ಒಂದು ಸಣ್ಣ ತೂತು, ತೂತನ್ನು ಮುಚ್ಚುವಂತೆ ಮೇಲೆ ಎಳೆದು ಹಾಕಿದ ರಬ್ಬರ್ ಕೊಳವೆ ಇರುತ್ತವೆ. ವಾಲ್‌ಟ್ಯೂಬ್ ಎಂದು ಅಂಗಡಿಯಲ್ಲಿ ಗೇಣು ಅಳತೆಯಲ್ಲಿ ಕತ್ತರಿಸಿ ಕೊಡುತ್ತಿದ್ದರಲ್ಲ, ಅದೇ. ಬಾಡಿಗೆ ಸೈಕಲ್ಲಿನ ಕಾಲದಲ್ಲಿ ಬೆಳೆದವರಿಗೆ ಅದರ ವಾಸನೆಯೂ ನೆನಪಿರುತ್ತದೆ. ಪಂಪಿನ ಗಾಳಿ ಆ ರಬ್ಬರನ್ನು ಉಬ್ಬಿಸಿಕೊಂಡು ಒಳಹೋಗಬೇಕು. ಹಾಗಾಗಿ ಒತ್ತಲು ಕಷ್ಟ, ಒಳಗಿನ ಒತ್ತಡವನ್ನು ಸಾಮಾನ್ಯ ಮೀಟರಿನಿಂದ ಅಳೆಯಲೂ ಆಗುವುದಿಲ್ಲ. ಹೆಬ್ಬೆರಳಿನಿಂದ ಟೈರನ್ನು ಒತ್ತಿ ನೋಡುವ ಪದ್ಧತಿ ಬಂದಿರುವುದು ಇದರಿಂದಲೇ ಇರಬೇಕು.

ಎರಡನೆಯದು ಶ್ರೇಡರ್. ಬೈಕು, ಕಾರು, ಲಾರಿ ಎಲ್ಲದರಲ್ಲಿಯೂ ಇರುವುದು ಇದೇ. ಗೇರಿನ ದಪ್ಪ ಟೈರಿನ ಸೈಕಲ್ಲುಗಳಲ್ಲಿಯೂ ಸಾಮಾನ್ಯ. 1893ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ವಿನ್ಯಾಸ ಇಂದಿಗೂ ಹೆಚ್ಚು ಬದಲಾಗದೆ ಉಳಿದಿದೆ. ಸುಮಾರು 8 ಮಿಲಿಮೀಟರ್ ದಪ್ಪದ ಕೊಳವೆ, ನಡುವೆ ಸ್ಪ್ರಿಂಗ್ ಇರುವ ಪಿನ್ನು. ಗಾಳಿ ಒಳಗೆ ಹೋಗಬೇಕಾದರೆ ಸಾಮಾನ್ಯವಾಗಿ ಪಂಪಿನ ಮೂತಿಯೊಳಗಿನ ಒಂದು ಮೊನೆ ಆ ಪಿನ್ನನ್ನು ಅದುಮಿ ಹಿಡಿದಿರುತ್ತದೆ.

ಮೂರನೆಯದು ಪ್ರೆಸ್ಟಾ. ಫ್ರೆಂಚ್ ವಾಲ್ವು ಎನ್ನುವುದೂ ಇದನ್ನೇ. 6 ಮಿಲಿಮೀಟರ್ ದಪ್ಪ, ತುದಿಯಲ್ಲಿ ಸೂಜಿಯಂಥ ಕಡ್ಡಿ, ಕಡ್ಡಿಯ ಮೇಲೆ ಪುಟ್ಟ ನಟ್ಟು. ಮೊದಲ ಬಾರಿ ಇದನ್ನು ನೋಡಿದ ನಮ್ಮ ಪಂಚರ್ ಅಂಗಡಿಯವರು, "ಮೇಷ್ಟ್ರೇ, ತಪ್ಪು ತಿಳಿಯಬೇಡಿ, ಈ ಸೂಜಿ ವಾಲ್ವಿಗೆ ನನ್ನ ಪೈಪು ಕೂರುವುದಿಲ್ಲ" ಎಂದು ಕೈ ಒರೆಸಿಕೊಂಡಿದ್ದರು. ನನಗೆ ಆ ಹೆಸರೇ ಇಷ್ಟವಾಯಿತು. ಸಪೂರ ಟೈರಿನ ರಸ್ತೆ ಸೈಕಲ್ಲುಗಳಿಗೆ ಸೂಜಿ ವಾಲ್ವೇ ಏಕೆ ಎಂದರೆ, ಕಾರಣ ರಿಮ್ಮಿನಲ್ಲಿದೆ. ಎರಡು ಬೆರಳು ಅಗಲವೂ ಇಲ್ಲದ ರಿಮ್ಮಿನಲ್ಲಿ ಎಂಟೂವರೆ ಮಿಲಿಮೀಟರಿನ ತೂತು ಕೊರೆದರೆ ಅದು ಅಲ್ಲಿ ದುರ್ಬಲವಾಗುತ್ತದೆ. ಪ್ರೆಸ್ಟಾಕ್ಕೆ ಆರೂವರೆ ಸಾಕು.

ಇದರಲ್ಲಿ ಇನ್ನೊಂದು ಸೊಗಸಿದೆ. ಪ್ರೆಸ್ಟಾದಲ್ಲಿ ಸ್ಪ್ರಿಂಗ್ ಇಲ್ಲ. ಟೈರಿನೊಳಗಿನ ಗಾಳಿಯೇ ಬಿರಡೆಯನ್ನು ಒಳಗಿನಿಂದ ಒತ್ತಿ ಮುಚ್ಚಿ ಹಿಡಿಯುತ್ತದೆ. ಒತ್ತಡ ಹೆಚ್ಚಿದಷ್ಟೂ ಮುಚ್ಚಳ ಭದ್ರ. ಇಲ್ಲೇ ಪಕ್ಕದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು 1903ರಲ್ಲಿ ಪುಣೆ ಬಳಿಯ ಖಡಕವಾಸ್ಲಾ ಜಲಾಶಯಕ್ಕೆ ಸ್ವಯಂಚಾಲಿತ ಗೇಟುಗಳನ್ನು ಹಾಕಿಸಿದ್ದು ನೆನಪಾಗುತ್ತದೆ. ನೀರಿನ ಏರಿಳಿತವೇ ಗೇಟನ್ನು ತೆರೆಯುತ್ತದೆ, ಮುಚ್ಚುತ್ತದೆ, ಕಾವಲುಗಾರ ಬೇಕಿಲ್ಲ. ಪ್ರೆಸ್ಟಾದಲ್ಲಿಯೂ ಕೆಲಸ ಮಾಡುವುದು ಒಳಗಿರುವ ಗಾಳಿಯೇ.

ನೂರು ಪಿಎಸ್‌ಐ ಎಂದರೆ ಎಷ್ಟು ಭಾರ

ಬೈಕಿನ ಟೈರಿಗೆ ನಾವು ಹಾಕಿಸುವುದು 30 ಪಿಎಸ್‌ಐ ಆಸುಪಾಸು. 25 ಮಿಲಿಮೀಟರ್ ಅಗಲದ ರಸ್ತೆ ಸೈಕಲ್ ಟೈರಿಗೆ ಸವಾರನ ತೂಕ ನೋಡಿಕೊಂಡು 80ರಿಂದ 100. ಇನ್ನೂ ಸಪೂರವಾದ 23 ಮಿಲಿಮೀಟರಿಗೆ ಅದಕ್ಕಿಂತ ಹೆಚ್ಚು ಹಾಕುವವರಿದ್ದಾರೆ. 100 ಪಿಎಸ್‌ಐ ಎಂದರೆ ಒಂದು ಚದರ ಸೆಂಟಿಮೀಟರಿಗೆ 7 ಕಿಲೋ ಭಾರ. ಕಿರುಬೆರಳಿನ ಉಗುರಿನ ಮೇಲೆ ಏಳು ಕಿಲೋ ಟೊಮೆಟೊ ಹೇರಿದಂತೆ.

ಈ ಒತ್ತಡ ಪಂಪಿನ ಮೂತಿಯನ್ನು ಎಷ್ಟು ಬಲದಿಂದ ಹೊರಕ್ಕೆ ತಳ್ಳುತ್ತದೆ? ಲೆಕ್ಕ ಸುಲಭ. 6 ಮಿಲಿಮೀಟರ್ ವ್ಯಾಸದ ವಾಲ್ವಿನ ಅಡ್ಡಕೊಯ್ತದ ಕ್ಷೇತ್ರಫಲ 0.28 ಚದರ ಸೆಂಟಿಮೀಟರ್. ಅದನ್ನು ಏಳರಿಂದ ಗುಣಿಸಿದರೆ ಸುಮಾರು 2 ಕಿಲೋ. 8 ಮಿಲಿಮೀಟರಿನ ಶ್ರೇಡರ್ ಆಗಿದ್ದರೆ ಅದೇ ಒತ್ತಡದಲ್ಲಿ ಮೂರೂವರೆ ಕಿಲೋ. ಬೈಕಿನ ಟೈರಿನಲ್ಲಿ ಒಂದು ಕಿಲೋ ಅಷ್ಟೆ, ಅದಕ್ಕೇ ಅಲ್ಲಿ ಅಂಗಡಿಯ ಹುಡುಗ ಪೈಪಿನ ತುದಿಯನ್ನು ಕೈಯಲ್ಲೇ ಒತ್ತಿ ಹಿಡಿದು ಗಾಳಿ ಹಾಕಿಬಿಡುತ್ತಾನೆ.

ಎರಡು ಕಿಲೋ ಎಂದರೆ ಭಾರಿ ಬಲವೇನೂ ಅಲ್ಲ, ಒಳ್ಳೆಯ ರಬ್ಬರು ಬಿಗಿಯಾಗಿ ಕಚ್ಚಿಕೊಂಡರೆ ತಡೆಯುತ್ತದೆ. ಆದರೆ ಆ ರಬ್ಬರು ತಡೆಯಬೇಕಾದದ್ದು ಅದೊಂದನ್ನೇ ಅಲ್ಲ. ನಮ್ಮ ಕೈಯ ಅಲುಗಾಟ, ಪೈಪಿನ ಎಳೆತ, ಮೂತಿಯ ಸ್ವಂತ ತೂಕ ಎಲ್ಲವೂ ಸೇರಿಕೊಳ್ಳುತ್ತವೆ. ರಬ್ಬರು ಸ್ವಲ್ಪ ಸವೆದಿದ್ದರೆ 40 ಪಿಎಸ್‌ಐವರೆಗೆ ಗೊತ್ತೇ ಆಗುವುದಿಲ್ಲ, 80 ದಾಟಿದ ಮೇಲೆ ಸುಯ್ ಎನ್ನತೊಡಗುತ್ತದೆ. ಬೈಕಿಗೆ ಚೆನ್ನಾಗಿ ಕೆಲಸ ಮಾಡುವ ಪಂಪು ರಸ್ತೆ ಸೈಕಲ್ಲಿಗೆ ಬಂದಾಗ ಕೈಕೊಡುವುದು ಹೀಗೆ.

ಇದೇ ಗುಣಾಕಾರವನ್ನು ಪಂಪಿನ ಕೊಳವೆಗೂ ಹಾಕಿ ನೋಡಿ. ಒಳವ್ಯಾಸ ಮೂರೂವರೆ ಸೆಂಟಿಮೀಟರ್ ಇದ್ದರೆ 100 ಪಿಎಸ್‌ಐಗೆ ಸುಮಾರು 67 ಕಿಲೋ ಬಲದಿಂದ ಒತ್ತಬೇಕು. 55 ಕಿಲೋ ತೂಕದವರು ಪಂಪಿನ ಮೇಲೆ ಹತ್ತಿ ಕುಳಿತರೂ ಅದು ಕೆಳಗಿಳಿಯುವುದಿಲ್ಲ. ಒಳವ್ಯಾಸ 2 ಸೆಂಟಿಮೀಟರ್ ಆದರೆ 22 ಕಿಲೋ ಸಾಕು. ಸಪೂರ ಟೈರಿಗೆ ಸಪೂರ ಪಂಪು ಎನ್ನುವುದು ಇದಕ್ಕೇ. ಪಂಪಿನ ಮೇಲೆ ಬರೆದ ಗರಿಷ್ಠ ಒತ್ತಡ ಕೊಳವೆ ತಾಳುವ ಒತ್ತಡ. ಒತ್ತುವವರ ತೋಳು ತಾಳುತ್ತದೆಯೇ ಎಂದು ಪಂಪು ಮಾಡಿದವರು ಕೇಳಿರುವುದಿಲ್ಲ.

ಮೂತಿಗಳ ಸಂತೆ

ಎಲ್ಲಕ್ಕಿಂತ ಸರಳವಾದದ್ದು ಬರಿಯ ಒತ್ತುಮೂತಿ. ಒಂದು ಲೋಹದ ಬಿಲ್ಲೆ, ಅದರೊಳಗೆ ಬಿಗಿಯಾದ ರಬ್ಬರ್ ವಾಷರು. ವಾಲ್ವಿನ ಮೇಲೆ ಒತ್ತಿದರೆ ಕೂರುತ್ತದೆ, ಎಳೆದರೆ ಬರುತ್ತದೆ. ಇಟಲಿಯಲ್ಲಿ 1917ರಲ್ಲಿ ಆರಂಭವಾದ ಸಿಲ್ಕಾ ಕಂಪನಿಯ ಪಂಪುಗಳಿಗೆ ಇಂಥ ಹಿತ್ತಾಳೆ ಮೂತಿಯಿಂದಲೇ ಹೆಸರು. ಚಲಿಸುವ ಭಾಗವೇ ಇಲ್ಲದ್ದರಿಂದ ಕೆಡುವುದಕ್ಕೂ ಏನೂ ಇಲ್ಲ. ಕಚ್ಚುವ ಬಿಗಿ ಪೂರ್ತಿ ರಬ್ಬರಿನದು, ಅದು ಸವೆದರೆ ಹೊಸದನ್ನು ಹಾಕಬೇಕು. ವಾಲ್ವಿನ ಮೈ ನುಣುಪಾಗಿದ್ದರೆ ಇದು ಅದ್ಭುತ. ಕೆಲವು ಪ್ರೆಸ್ಟಾ ವಾಲ್ವುಗಳ ಮೈತುಂಬ ಮರೆ, ಅಂದರೆ ತಿರುಪಿನ ಸುತ್ತುಗೆರೆ, ಸುತ್ತಿರುತ್ತದೆ, ರಿಮ್ಮಿಗೆ ನಟ್ಟು ಬಿಗಿಯಲು. ಆ ಮರೆಯ ಏಣುಗಳು ರಬ್ಬರನ್ನು ಅರದಂತೆ ಉಜ್ಜುತ್ತವೆ, ಸಂದಿನಲ್ಲಿ ಗಾಳಿಯೂ ನುಸುಳುತ್ತದೆ.

ನಂತರದ್ದು ಲಿವರ್ ಇರುವ ಮೂತಿ. ಒತ್ತಿ ಕೂರಿಸಿ, ಲಿವರನ್ನು ಎತ್ತಿದರೆ ಒಳಗಿನ ಒಂದು ತುಂಡು ರಬ್ಬರನ್ನು ಉದ್ದಕ್ಕೆ ಹಿಂಡುತ್ತದೆ. ಉದ್ದಕ್ಕೆ ಹಿಂಡಿದ ರಬ್ಬರು ಅಗಲಕ್ಕೆ ಉಬ್ಬಬೇಕು. ಹೊರಗಡೆ ಲೋಹದ ಗೋಡೆ ಇರುವುದರಿಂದ ಒಳಗಡೆಗೇ ಉಬ್ಬಿ ವಾಲ್ವಿನ ಕುತ್ತಿಗೆಯನ್ನು ಅಪ್ಪಿಕೊಳ್ಳುತ್ತದೆ. ಇದು ಒಳ್ಳೆಯ ಉಪಾಯ. ಲಿವರನ್ನು ಇಳಿಸಿದ ಕೂಡಲೇ ರಬ್ಬರು ಸಡಿಲವಾಗುವುದರಿಂದ ಮೂತಿಯನ್ನು ಜಗ್ಗಿ ಕೀಳಬೇಕಾಗಿಲ್ಲ, ಸೂಜಿ ಬಾಗುವ ಭಯ ಕಡಿಮೆ. ಮೂತಿಯ ಮುಂಭಾಗದ ಬಳೆಯನ್ನು ತಿರುಗಿಸಿ ಬಿಗಿ ಹೆಚ್ಚುಕಡಿಮೆ ಮಾಡಿಕೊಳ್ಳಬಹುದು. ಜಪಾನಿನ ಹಿರಾಮೆ ಎಂಬ ಹಿತ್ತಾಳೆ ಮೂತಿ ಈ ತತ್ತ್ವದ ಮೇಲೆಯೇ ಕೆಲಸ ಮಾಡುತ್ತದೆ. ಬೆಲೆ ಕೇಳಿದರೆ ನಮ್ಮಲ್ಲಿ ಒಂದು ಸಾಧಾರಣ ಪಂಪೇ ಬರುತ್ತದೆ. ನಾನು ಕೊಂಡಿಲ್ಲ, ಕೊಂಡವರನ್ನು ನೋಡಿ ಹೊಟ್ಟೆಯುರಿದುಕೊಂಡಿದ್ದೇನೆ.

ಅಂಗಡಿಯಲ್ಲಿ ಹೆಚ್ಚು ಸಿಗುವುದು ಜೋಡಿ ತೂತಿನ ಮೂತಿ. ಒಂದು ಕಡೆ ಪ್ರೆಸ್ಟಾ, ಇನ್ನೊಂದು ಕಡೆ ಶ್ರೇಡರ್, ನಡುವೆ ಒಂದೇ ಲಿವರು. ಒಂದು ತೂತನ್ನು ಬಳಸುವಾಗ ಇನ್ನೊಂದು ಒಳಗಿನಿಂದ ಮುಚ್ಚಿಕೊಂಡಿರಬೇಕು. ಹೊಸದರಲ್ಲಿ ಮುಚ್ಚಿಕೊಂಡೇ ಇರುತ್ತದೆ. ಎರಡು ಮಳೆಗಾಲ ಕಳೆದ ಮೇಲೆ ಪ್ರೆಸ್ಟಾಕ್ಕೆ ಗಾಳಿ ಹೊಡೆದರೆ ಶ್ರೇಡರ್ ಕಡೆಯಿಂದ ಉಸಿರು ಬಿಡತೊಡಗುತ್ತದೆ. ಒಂದೇ ತೂತಿದ್ದು ಎರಡು ವಾಲ್ವಿಗೂ ತಾನೇ ಹೊಂದಿಕೊಳ್ಳುವ ಜಾಣ ಮೂತಿಗಳೂ ಬಂದಿವೆ. ಒಳಗೆ ಜಾರುವ ತುಂಡುಗಳು, ಒಂದರ ಹಿಂದೊಂದು ರಬ್ಬರುಗಳು. ಮನೆಯಲ್ಲಿ ಮಗಳ ಸೈಕಲ್ಲು, ಹೆಂಡತಿಯ ಸ್ಕೂಟರು, ನಿಮ್ಮ ರಸ್ತೆ ಸೈಕಲ್ಲು ಮೂರಕ್ಕೂ ಒಂದೇ ಪಂಪು ಎಂದಾದರೆ ಇವು ಅನುಕೂಲ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ 100 ಪಿಎಸ್‌ಐ ದಿನವೂ ಬೇಕಾದವರಿಗೆ ನನ್ನ ಸಲಹೆ: ಒಂದೇ ಕೆಲಸ ಮಾಡುವ ಮೂತಿಯನ್ನು ಹುಡುಕಿ. ರಬ್ಬರಿನ ಸಂಖ್ಯೆ ಹೆಚ್ಚಿದಷ್ಟೂ ಸೋರುವ ಜಾಗ ಹೆಚ್ಚು.

ನಡುವೆ ಇನ್ನೊಂದು ಬಗೆಯಿದೆ, ಬಿಚ್ಚಿ ತಿರುಗಿಸಿ ಹಾಕುವಂಥದ್ದು. ಮುಂಭಾಗದ ಬಳೆ ಬಿಚ್ಚಿ ಒಳಗಿನ ರಬ್ಬರನ್ನೂ ಪ್ಲಾಸ್ಟಿಕ್ ತುಂಡನ್ನೂ ತಲೆಕೆಳಗು ಮಾಡಿದರೆ ಪ್ರೆಸ್ಟಾದಿಂದ ಶ್ರೇಡರ್‌ಗೆ ಬದಲಾಗುತ್ತದೆ. ಬದಲಾಯಿಸುವಾಗ ತುಂಡು ಕೈಜಾರಿ ಹುಲ್ಲಿನಲ್ಲಿ ಬೀಳದಂತೆ ನೋಡಿಕೊಳ್ಳಿ. ಅಷ್ಟೆ.

ಮರೆ ಮೂತಿ ಮತ್ತು ಅದು ಮಾಡುವ ದ್ರೋಹ

ಈಗ ತಿರುಪಿ ಕೂರಿಸುವ ಮೂತಿಗೆ ಬರೋಣ. ಇದರಲ್ಲಿ ಹಿಡಿತ ರಬ್ಬರಿನದಲ್ಲ, ಲೋಹದ ಮರೆಯದು. ರಬ್ಬರಿನ ಸಣ್ಣ ಬಳೆ ಗಾಳಿ ಸೋರದಂತೆ ಮಾತ್ರ ನೋಡಿಕೊಳ್ಳುತ್ತದೆ. ಎಷ್ಟು ಒತ್ತಡವಾದರೂ ಹಾರಿಹೋಗುವ ಪ್ರಶ್ನೆಯಿಲ್ಲ, ಅತ್ಯಂತ ಭದ್ರ. ಸಣ್ಣ ಪೈಪಿನ ತುದಿಯಲ್ಲಿ ಇಂಥ ಮೂತಿ ಇರುವ ಕೈಪಂಪುಗಳು ದಾರಿಗೆ ಒಯ್ಯಲು ಬಹಳ ಜನಪ್ರಿಯ.

ಮೂತಿಯನ್ನು ತಿರುಪಿ ತೆಗೆಯುವಾಗ ಮಾತ್ರ ಒಂದು ಆಟ ನಡೆಯುತ್ತದೆ. ನನಗೆ ಅದು ನಡೆದದ್ದು ಮನೆಯಂಗಳದಲ್ಲಿ, ಪುಣ್ಯ. 90 ಪಿಎಸ್‌ಐ ಹಾಕಿ, ಬೆವರು ಒರೆಸಿಕೊಂಡು, ಮೂತಿಯನ್ನು ತಿರುಗಿಸಿದೆ. ಪಟಾಕಿ ಸಿಡಿದಂತೆ ಗಾಳಿಯೆಲ್ಲ ಒಂದೇ ಉಸಿರಿಗೆ ಹೊರಬಂತು. ಮೂತಿಯೊಳಗೆ ನೋಡಿದರೆ ವಾಲ್ವಿನ ಕರುಳೇ ಅದರೊಂದಿಗೆ ಬಂದು ಕುಳಿತಿದೆ.

ಹೀಗೇಕಾಗುತ್ತದೆ? ಅನೇಕ ಪ್ರೆಸ್ಟಾ ವಾಲ್ವುಗಳಲ್ಲಿ ಒಳಭಾಗವನ್ನು, ಅಂದರೆ ಕೋರನ್ನು, ಬಿಚ್ಚಬಹುದು. ಅದು ಹೊರಕೊಳವೆಯೊಳಗೆ ಮರೆಯಿಂದ ಕೂತಿರುತ್ತದೆ. ಪಂಪಿನ ಮೂತಿ ಕಚ್ಚಿಕೊಳ್ಳುವ ಮರೆ ಇರುವುದೂ ಆ ಕೋರಿನ ತಲೆಯ ಮೇಲೆಯೇ. ಹಾಗಾದಾಗ ನೀವು ತಿರುಗಿಸಿದರೆ ಬಿಚ್ಚಿಕೊಳ್ಳಬಹುದಾದ ಜಾಗ ಎರಡು: ಮೂತಿಗೂ ಕೋರಿಗೂ ನಡುವೆ, ಕೋರಿಗೂ ಕೊಳವೆಗೂ ನಡುವೆ. ಯಾವುದು ಸಡಿಲವೋ ಅದು ಬಿಚ್ಚಿಕೊಳ್ಳುತ್ತದೆ. ಪೈಪಿನಲ್ಲಿ ಇನ್ನೂ ನೂರು ಪಿಎಸ್‌ಐ ಇದ್ದರೆ ಅದು ರಬ್ಬರ್ ಬಳೆಯನ್ನು ಬಿಗಿಯಾಗಿ ಒತ್ತಿ ಹಿಡಿದಿರುತ್ತದೆ, ಮೂತಿ ಬಿಗಿ, ಕೋರು ಸಡಿಲ. ಒಳ್ಳೆಯ ಪಂಪುಗಳಲ್ಲಿ ಮೂತಿಯ ಬಳಿ ಒಂದು ಗುಂಡಿ ಇಟ್ಟಿರುತ್ತಾರೆ. ಬಿಚ್ಚುವ ಮೊದಲು ಅದನ್ನು ಒತ್ತಿದರೆ ಪೈಪಿನ ಗಾಳಿ ಹೊರಹೋಗಿ ಬಳೆ ಸಡಿಲಗೊಳ್ಳುತ್ತದೆ. ಮರೆ ಮೂತಿಯ ಪಂಪು ಕೊಳ್ಳುವುದಾದರೆ ಈ ಗುಂಡಿ ಇಲ್ಲದ್ದನ್ನು ಕೊಳ್ಳಬೇಡಿ. ಟ್ಯೂಬು ಹಾಕುವ ಮೊದಲೇ ಕೋರನ್ನು ಅದಕ್ಕೆಂದೇ ಸಿಗುವ ಪುಟ್ಟ ಕೀಲಿಯಿಂದ, ಇಲ್ಲವೇ ಇಕ್ಕಳದಿಂದ ಹಗುರವಾಗಿ ಬಿಗಿದುಕೊಂಡರೆ ಈ ರಗಳೆ ಮುಕ್ಕಾಲು ಪಾಲು ಮುಗಿಯಿತು.

ಪೈಪು ಇರಲಿ, ಆದರೆ ಗಿಡ್ಡವಿರಲಿ

ನಂದಿಯ ಬುಡದಲ್ಲಿ ನನ್ನ ಟ್ಯೂಬು ಹರಿದದ್ದು ಮೂತಿಗೂ ಪಂಪಿಗೂ ನಡುವೆ ಪೈಪು ಇಲ್ಲದ್ದರಿಂದ. ಕೈಯ ಅಲುಗಾಟವೆಲ್ಲ ನೇರವಾಗಿ ವಾಲ್ವಿನ ಬುಡಕ್ಕೆ ಹೋಯಿತು. ಗೇಣುದ್ದದ ಮೆದುವಾದ ಪೈಪು ನಡುವೆ ಇದ್ದಿದ್ದರೆ ಅಲುಗಾಟ ಅದರಲ್ಲೇ ಮುಗಿಯುತ್ತಿತ್ತು. ದಾರಿಗೆ ಒಯ್ಯುವ ಪಂಪಿನಲ್ಲಿ ಪೈಪು ಇರಲೇಬೇಕು ಎಂಬುದು ನನ್ನ ಹಟ.

ಹಾಗಾದರೆ ಉದ್ದ ಪೈಪೇ ಇರಲಿ ಎನ್ನುವಿರಾ? ಅಲ್ಲಿ ಒಂದು ತೊಡಕಿದೆ, ಸ್ವಲ್ಪ ನಿಧಾನವಾಗಿ ನೋಡೋಣ. ಪಂಪನ್ನು ಪೂರ್ತಿ ಒತ್ತಿದ ಮೇಲೂ ಪಿಸ್ಟನ್ನಿನಿಂದ ವಾಲ್ವಿನವರೆಗೆ ಸ್ವಲ್ಪ ಜಾಗ ಉಳಿಯುತ್ತದೆ. ಅಲ್ಲಿ ಸಿಕ್ಕಿಕೊಂಡ ಗಾಳಿ ಟೈರಿಗೆ ಹೋಗುವುದಿಲ್ಲ, ಪಿಸ್ಟನ್ ಮೇಲೆ ಬಂದಾಗ ತಾನೂ ಹಿಗ್ಗಿಕೊಳ್ಳುತ್ತದೆ. ಸತ್ತ ಜಾಗ ಎನ್ನೋಣ. ಒಂದು ಕೈಪಂಪು ಒಂದು ಒತ್ತಿಗೆ 60 ಸಿಸಿ ಗಾಳಿ ತಳ್ಳುತ್ತದೆ, ಸತ್ತ ಜಾಗ 10 ಸಿಸಿ ಎಂದುಕೊಳ್ಳಿ. ಒಟ್ಟು 70 ಸಿಸಿ ಗಾಳಿಯನ್ನು 10 ಸಿಸಿಗೆ ಹಿಂಡಿದರೆ ಏಳು ಪಟ್ಟು. ಅದರಲ್ಲಿ ಒಂದು ಪಟ್ಟು ಹೊರಗಿನ ವಾತಾವರಣದ್ದೇ, ಉಳಿದ ಆರು ಪಟ್ಟು ಎಂದರೆ ಸುಮಾರು 88 ಪಿಎಸ್‌ಐ. ಟೈರಿನಲ್ಲಿ 88 ಆದ ಮೇಲೆ ನೀವು ಸಂಜೆಯವರೆಗೆ ಒತ್ತಿದರೂ ಒಂದು ಗುಟುಕು ಗಾಳಿ ಒಳಗೆ ಹೋಗುವುದಿಲ್ಲ. ಸತ್ತ ಜಾಗ 5 ಸಿಸಿಗೆ ಇಳಿದರೆ ಇದೇ ಪಂಪು ಲೆಕ್ಕದಲ್ಲಿ 170 ದಾಟಬಲ್ಲದು. 4 ಮಿಲಿಮೀಟರ್ ಒಳವ್ಯಾಸದ 25 ಸೆಂಟಿಮೀಟರ್ ಪೈಪಿನಲ್ಲಿ 3 ಸಿಸಿ ಜಾಗವಿರುತ್ತದೆ, ಅದು ಪರವಾಗಿಲ್ಲ. ನಿಂತು ಒತ್ತುವ ಮನೆಪಂಪಿನ ಮೀಟರುದ್ದದ ಪೈಪಿನಲ್ಲಿ 20 ಸಿಸಿ ಇರಬಹುದು. ಅಲ್ಲಿ ನಡೆಯುವುದು ಹೇಗೆಂದರೆ ಕೊಳವೆಯ ಬುಡದಲ್ಲಿ ಹಿಮ್ಮುಖ ಗಾಳಿಯನ್ನು ತಡೆಯುವ ಇನ್ನೊಂದು ವಾಲ್ವು ಇರುತ್ತದೆ. ಪೈಪಿನ ಗಾಳಿ ಅಲ್ಲೇ ಕಾದು ನಿಂತಿರುತ್ತದೆ, ಕೊಳವೆಗೆ ವಾಪಸಾಗುವುದಿಲ್ಲ. ಮನೆಪಂಪಿನ ಹಿಡಿ ಒತ್ತಿದ ಮೇಲೆ ತಾನಾಗಿ ಮೇಲಕ್ಕೆ ಜಿಗಿದರೆ ಆ ಬುಡದ ವಾಲ್ವಿನಲ್ಲಿ ಕಸ ಕೂತಿದೆ ಎಂದೇ ಅರ್ಥ. ಮೂತಿಯನ್ನು ಬೈಯಬೇಡಿ.

ಇನ್ನೊಂದು ಮಾತು, ನಮ್ಮೂರಿಗೇ ಸೇರಿದ್ದು. ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಹತ್ತರಲ್ಲೊಂದು ಪಾಲು ಕಡಿಮೆ, ಅಂದರೆ ಪ್ರತಿ ಒತ್ತಿಗೂ ಪಂಪಿಗೆ ಸಿಗುವ ಗಾಳಿಯೂ ಅಷ್ಟೇ ಕಡಿಮೆ. 25 ಮಿಲಿಮೀಟರ್ ಟೈರಿನ ಒಳಗಿನ ಜಾಗ ಹೆಚ್ಚುಕಡಿಮೆ ಒಂದು ಲೀಟರ್. 100 ಪಿಎಸ್‌ಐಗೆ ಏಳು ಲೀಟರ್ ಗಾಳಿ ತುಂಬಬೇಕು. ಮಂಗಳೂರಿನಲ್ಲಿ 60 ಸಿಸಿ ಪಂಪಿನಿಂದ ಸೋರಿಕೆಯಿಲ್ಲದೆ 117 ಒತ್ತು ಬೇಕಾದರೆ ಇಲ್ಲಿ 130. 1478 ಮೀಟರ್ ಎತ್ತರದ ನಂದಿಬೆಟ್ಟದ ನೆತ್ತಿಯಲ್ಲಿ ಇನ್ನೂ ಕೆಲವು ಸೇರುತ್ತವೆ. ಗಾಳಿ ಹಾಕುವುದಿದ್ದರೆ ಹತ್ತುವ ಮೊದಲೇ ಹಾಕಿಕೊಳ್ಳಿ.

ಸುಯ್ ಎಂಬ ಸದ್ದು

ಮೂತಿಯನ್ನು ತೆಗೆದಾಗ ಸುಯ್ ಎನ್ನುತ್ತದಲ್ಲ, ಅದನ್ನು ಕೇಳಿ ಕಷ್ಟಪಟ್ಟು ಹಾಕಿದ ಗಾಳಿಯೆಲ್ಲ ಹೋಯಿತು ಎಂದು ಮರುಗುವವರು ಬಹಳ. ಮತ್ತೆ ಸಿಕ್ಕಿಸಿ ಇನ್ನೂ ನಾಲ್ಕು ಒತ್ತು ಒತ್ತುತ್ತಾರೆ, ಮತ್ತೆ ತೆಗೆಯುತ್ತಾರೆ, ಮತ್ತೆ ಸುಯ್. ಪ್ರೆಸ್ಟಾದಲ್ಲಿ ಆ ಸದ್ದು ಬಹುಪಾಲು ಪೈಪಿನಲ್ಲಿದ್ದ ಗಾಳಿಯದು. 20 ಸಿಸಿ ಜಾಗದಲ್ಲಿ ಹಿಂಡಿ ಕೂತಿದ್ದ ಗಾಳಿ ಹೊರಬಂದು ಒಂದು ಸಣ್ಣ ಲೋಟದಷ್ಟಾಗುತ್ತದೆ. ಟೈರಿನ ವಾಲ್ವು ಆಗಲೇ ಒಳಗಿನ ಒತ್ತಡದಿಂದ ಮುಚ್ಚಿಕೊಂಡಿದೆ. ಶ್ರೇಡರಿನಲ್ಲಿ ಮಾತ್ರ ಮೂತಿಯ ಮೊನೆ ಪಿನ್ನನ್ನು ಬಿಡುವವರೆಗಿನ ಕ್ಷಣದಲ್ಲಿ ಟೈರಿನ ಗಾಳಿಯೂ ಸ್ವಲ್ಪ ಹೋಗುತ್ತದೆ, ಕೈ ಚುರುಕಾಗಿರಬೇಕು.

ಪಂಪಿನ ಮೀಟರಿನ ವಿಷಯವೂ ಹೀಗೆಯೇ. ಅದು ತೋರಿಸುವುದು ಪೈಪಿನ ಒತ್ತಡವನ್ನು. ಪ್ರೆಸ್ಟಾಕ್ಕೆ ಮೂತಿ ಸಿಕ್ಕಿಸಿದ ಕೂಡಲೇ ಮುಳ್ಳು ಸೊನ್ನೆಯಲ್ಲೇ ಇದ್ದರೆ ಟೈರು ಖಾಲಿ ಎಂದಲ್ಲ, ವಾಲ್ವು ಇನ್ನೂ ತೆರೆದಿಲ್ಲ ಎಂದಷ್ಟೆ. ಎರಡು ಒತ್ತು ಒತ್ತಿದ ಮೇಲೆ ಕಾಣುವ ಅಂಕಿ ನಿಜ.

ಹಿತ್ತಾಳೆಯ ಟೋಪಿ

ಪ್ರೆಸ್ಟಾ ವಾಲ್ವಿನ ಮೇಲೆ ತಿರುಪಿದರೆ ಅದನ್ನು ಶ್ರೇಡರಿನಂತೆ ಮಾಡುವ ಹಿತ್ತಾಳೆಯ ಪುಟ್ಟ ಅಡಾಪ್ಟರು ಸಿಗುತ್ತದೆ. ಒಂದು ಮಸಾಲೆದೋಸೆಯ ದುಡ್ಡಿಗೆ ಮೀರಿದ್ದಲ್ಲ. ಒಳಗೆ ರಬ್ಬರ್ ಬಳೆ ಇರುವುದನ್ನೇ ಕೇಳಿ ತೆಗೆದುಕೊಳ್ಳಿ, ಬಳೆಯಿಲ್ಲದ್ದು ಹೆಚ್ಚಿನ ಒತ್ತಡದಲ್ಲಿ ಮರೆಯ ಸಂದಿನಿಂದ ಸೋರುತ್ತದೆ. ಹಾಕುವ ಮೊದಲು ಸೂಜಿಯ ಮೇಲಿನ ನಟ್ಟನ್ನು ಸಡಿಲಿಸಲು ಮರೆಯಬೇಡಿ. ಮರೆತು, ಪಂಪು ಕೆಟ್ಟಿದೆ ಎಂದು ಅಂಗಡಿಗೆ ಒಯ್ದವರಿದ್ದಾರೆ. ಅವರಲ್ಲಿ ಒಬ್ಬರು ವಿಜ್ಞಾನದ ಮೇಷ್ಟರು, ಹೆಸರು ಹೇಳುವ ಅಗತ್ಯವಿಲ್ಲ.

ಈ ಟೋಪಿ ಹಾಕಿಕೊಂಡು ಪಂಚರ್ ಅಂಗಡಿಯ ಕಂಪ್ರೆಸರಿಗೆ ಹೋದರೂ ಕೆಲವೊಮ್ಮೆ ಗಾಳಿ ಬರುವುದಿಲ್ಲ. ಅಲ್ಲಿನ ಪೈಪಿನ ಮೂತಿ ಸುಮ್ಮನೆ ಬಿಟ್ಟಾಗ ಮುಚ್ಚಿಕೊಂಡಿರುತ್ತದೆ. ಶ್ರೇಡರ್ ವಾಲ್ವಿನ ನಡುವಿನ ಪಿನ್ನು ತಾಗಿದರೆ ಮಾತ್ರ ತೆರೆದುಕೊಳ್ಳುತ್ತದೆ. ಅಡಾಪ್ಟರಿನ ನಡುವೆ ಪಿನ್ನು ಇಲ್ಲದಿದ್ದರೆ ತಾಗುವುದಕ್ಕೆ ಏನೂ ಇರುವುದಿಲ್ಲ. ತೆರೆದುಕೊಂಡಾಗಲೂ ಎಚ್ಚರ ಬೇಕು. ಲಾರಿಯ ಟೈರಿಗೆ ಗಾಳಿ ಹಾಕುವ ಪೈಪಿಗೆ ನಮ್ಮ ಒಂದು ಲೀಟರಿನ ಟೈರು ಒಂದು ಗುಟುಕು. ಅಂಗಡಿಯವರಿಗೆ, "ಸ್ವಲ್ಪ ಸ್ವಲ್ಪವೇ ಬಿಡಿ, ನಾನು ಕೈಯಿಟ್ಟು ನೋಡುತ್ತೇನೆ" ಎಂದು ಮೊದಲೇ ಹೇಳಿ. ಆ ಹೊತ್ತಿಗೆ ಕಂಪ್ರೆಸರಿನ ತೊಟ್ಟಿಯಲ್ಲೇ 60 ಪಿಎಸ್‌ಐ ಇದ್ದರೆ ನಿಮ್ಮ ಟೈರಿಗೆ 90 ಎಲ್ಲಿಂದ ಬರಬೇಕು? ಊರು ತಲುಪುವಷ್ಟು ಹಾಕಿಸಿಕೊಂಡು ಉಳಿದದ್ದನ್ನು ಮನೆಯಲ್ಲಿ ತುಂಬಿಕೊಳ್ಳಿ.

ಕೊಳ್ಳುವ ಮುನ್ನ, ಕೊಂಡ ಮೇಲೆ

ಮೂತಿ ಹುಡುಕುವ ಮೊದಲು ನಿಮಗೆ ನಿಜವಾಗಿ ಎಷ್ಟು ಒತ್ತಡ ಬೇಕು ಎಂದು ನೋಡಿಕೊಳ್ಳಿ. ಟೈರಿನ ಪಕ್ಕದಲ್ಲಿ ಬರೆದದ್ದು ಗರಿಷ್ಠ ಮಿತಿ, ಅಷ್ಟೂ ತುಂಬಲೇಬೇಕೆಂದು ಯಾರೂ ಹೇಳಿಲ್ಲ. ಈಚೆಗೆ ರಸ್ತೆ ಸೈಕಲ್ಲುಗಳಲ್ಲಿಯೂ 28, 32 ಮಿಲಿಮೀಟರಿನ ಅಗಲ ಟೈರುಗಳು ಬರುತ್ತಿವೆ, ಅವುಗಳಿಗೆ 60–80 ಸಾಕಾಗುತ್ತದೆ. ಟೈರಿನ ಅಂಚನ್ನು ಹಿಡಿಯುವ ಕೊಕ್ಕೆಯಂಚಿಲ್ಲದ ಹೊಸ ಬಗೆಯ ರಿಮ್ಮುಗಳಿಗಂತೂ 5 ಬಾರ್, ಅಂದರೆ 72 ಪಿಎಸ್‌ಐ ಮೇಲ್ಮಿತಿ. ಗೌರಿಬಿದನೂರು ಕಡೆಯ ಹಳ್ಳಿರಸ್ತೆಗಳಲ್ಲಿ 110 ಪಿಎಸ್‌ಐ ಹಾಕಿಕೊಂಡು ಹೋದರೆ ವೇಗ ಹೆಚ್ಚುವುದಿಲ್ಲ, ಹಲ್ಲು ಅಲುಗಾಡುತ್ತದೆ.

ನಾನೀಗ ಮನೆಯಲ್ಲಿ ಇಟ್ಟುಕೊಂಡಿರುವುದು ಸಪೂರ ಕೊಳವೆಯ ನಿಂತು ಒತ್ತುವ ಪಂಪು, ಅದಕ್ಕೆ ಪ್ರೆಸ್ಟಾಕ್ಕೆ ಮಾತ್ರ ಹೊಂದುವ ಲಿವರ್ ಮೂತಿ. ಅಂಗಡಿಯವರು ಜೋಡಿ ತೂತಿನದನ್ನೇ ಕೊಟ್ಟಿದ್ದರು. ಪೈಪನ್ನು ಕತ್ತರಿಸಿ, ಬೇರೆ ಮೂತಿ ತೊಡಿಸಿ, ಕ್ಲಿಪ್ಪು ಬಿಗಿದುಕೊಂಡೆ, ಅರ್ಧ ಗಂಟೆಯ ಕೆಲಸ. ಹೀಗೆ ಮೂತಿ ಬದಲಿಸಬಹುದೆಂದು ತಿಳಿಯದೆ ಒಳ್ಳೆಯ ಪಂಪನ್ನು ಗುಜರಿಗೆ ಹಾಕುವವರನ್ನು ಕಂಡರೆ ಸಂಕಟವಾಗುತ್ತದೆ. ಶ್ರೇಡರಿನ ಸ್ಕೂಟರಿಗೆ ಗಾಳಿ ಪೆಟ್ರೋಲ್ ಬಂಕಿನಲ್ಲಿ ಸಿಗುತ್ತದೆ. ದಾರಿಯ ಚೀಲದಲ್ಲಿ ಗಿಡ್ಡ ಪೈಪಿನ, ಗುಂಡಿಯಿರುವ ಮರೆ ಮೂತಿಯ ಕೈಪಂಪು, ಜೊತೆಗೆ ಹಿತ್ತಾಳೆ ಟೋಪಿ, ಕೋರು ಬಿಗಿಯುವ ಕೀಲಿ.

ಗಾಳಿ ಹಾಕುವಾಗ ಕೈಗೆ ರೂಢಿಯಾಗಬೇಕಾದ ಕ್ರಮವೂ ಇದೆ. ನಟ್ಟನ್ನು ಸಡಿಲಿಸಿ, ಸೂಜಿಯನ್ನು ಒಮ್ಮೆ ಬೆರಳಿನಿಂದ ಚುಟುಕಾಗಿ ಒತ್ತಿ. ಫಸಕ್ ಎಂದರೆ ಅಂಟಿಕೊಂಡಿದ್ದ ಬಿರಡೆ ಬಿಟ್ಟಿತು. ಒಂದು ಕೈಯ ಹೆಬ್ಬೆರಳನ್ನು ವಾಲ್ವಿಗೆ ಎದುರಾಗಿ ಟೈರಿನ ಬೆನ್ನಿಗೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಮೂತಿಯನ್ನು ನೇರವಾಗಿ ಕೂರಿಸಿ, ವಾಲ್ವು ಒಳಕ್ಕೆ ಜಾರದಿರಲು ಇದು ಬೇಕು. ತೀರ ಮೇಲೆ ಕೂತರೆ ಸೋರುತ್ತದೆ, ತೀರ ಆಳಕ್ಕೆ ತಳ್ಳಿದರೆ ಸೂಜಿ ಅದುಮಿಕೊಂಡು ಟೈರಿನ ಗಾಳಿಯೇ ಪೈಪಿಗೆ ಬರುತ್ತದೆ. ಎಲ್ಲಿ ಸರಿ ಎಂಬುದು ನಾಲ್ಕು ದಿನದಲ್ಲಿ ಬೆರಳಿಗೆ ತಿಳಿಯುತ್ತದೆ. ತೆಗೆಯುವಾಗಲೂ ನೇರವಾಗಿಯೇ ಎಳೆಯಿರಿ, ಪಕ್ಕಕ್ಕೆ ಬಾಗಿಸಿದರೆ ಸೂಜಿ ಬಾಗುತ್ತದೆ.

ಲಿವರು ಎತ್ತಿದಾಗ ಮೊದಲಿನ ಬಿಗಿ ಸಿಗದಿದ್ದರೆ ಮೂತಿಯ ಬಳೆಯನ್ನು ಅರ್ಧ ಸುತ್ತು ಬಿಗಿಯಿರಿ. ಅದಕ್ಕೂ ಬಗ್ಗದಿದ್ದರೆ ಬಳೆ ಬಿಚ್ಚಿ ರಬ್ಬರನ್ನು ಹೊರತೆಗೆಯಿರಿ. ವಾಲ್ವು ತಿಂದು ಸವೆಸಿರುವುದು ಸಾಮಾನ್ಯವಾಗಿ ಒಂದು ಬದಿಯನ್ನು ಮಾತ್ರ. ಎರಡೂ ಬದಿ ಒಂದೇ ಆಕಾರವಿದ್ದರೆ ತಿರುವಿ ಹಾಕಿ, ಇನ್ನೊಂದು ವರ್ಷ ಬರುತ್ತದೆ. ಆ ರಬ್ಬರಿಗೆ ಗ್ರೀಸು, ಕೊಬ್ಬರಿ ಎಣ್ಣೆ ಸವರಬೇಡಿ. ಜಾರುವ ರಬ್ಬರು ಕಚ್ಚುವುದಿಲ್ಲ, ಎಣ್ಣೆಗೆ ಉಬ್ಬಿ ಮೆತ್ತಗಾಗುವುದೂ ಉಂಟು. ಎಣ್ಣೆ ಬೇಕಿರುವುದು ಕೊಳವೆಯೊಳಗಿನ ಪಿಸ್ಟನ್ನಿನ ವಾಷರಿಗೆ, ಅದಕ್ಕೂ ವರ್ಷಕ್ಕೆ ಎರಡು ಹನಿ.